ಹತ್ತು ಪೈಸೆಯ ನಾಲ್ಕು ಜನ್ಮ

ನಾಣ್ಯದ ವಿನ್ಯಾಸ ಎಂದರೆ ಸಾಮಾನ್ಯವಾಗಿ ಅದರ ಮೇಲಿನ ಚಿತ್ರದ ಮಾತು ಬರುತ್ತದೆ: ಸಿಂಹ, ತೆನೆ, ಕಮಲ, ಘೇಂಡಾಮೃಗ. ಆದರೆ ಚಿಲ್ಲರೆಯನ್ನು ದಿಟ್ಟಿಸಿ ನೋಡಿ ಎಣಿಸುವವರು ಕಡಿಮೆ. ಜೇಬಿನಲ್ಲೋ ಎಲೆಯಡಿಕೆ ಚೀಲದಲ್ಲೋ ಬೆರಳಾಡಿಸಿದಾಗಲೇ ಇದು ಐದು, ಇದು ಹತ್ತು ಎಂದು ಗೊತ್ತಾಗಬೇಕು. ಈ ಪರೀಕ್ಷೆಯಲ್ಲಿ ಒಂದು ಕಾಲಕ್ಕೆ ಚೆನ್ನಾಗಿಯೇ ಪಾಸಾಗಿ, ಕೊನೆಗೆ ಪೂರ್ತಿ ಫೇಲಾದದ್ದು ನಮ್ಮ ಹತ್ತು ಪೈಸೆ. 1957ರಿಂದ 1998ರ ನಡುವೆ ಅದು ನಾಲ್ಕು ಲೋಹಗಳಲ್ಲಿ ಬಂತು. ಮೊದಲ ಮೂರರಲ್ಲಿ ಅಲೆಯಂತೆ ಬಾಗಿದ ಅಂಚು ಉಳಿದುಕೊಂಡಿತ್ತು. ನಾಲ್ಕನೆಯದರಲ್ಲಿ ಅದೂ ಹೋಯಿತು. ಯಾಕೆ ಹೋಯಿತು ಎನ್ನುವುದಕ್ಕೆ ಉತ್ತರ ಕಲೆಯಲ್ಲಿಲ್ಲ, ಲೋಹದ ಕಿಲೋ ಬೆಲೆಯಲ್ಲಿದೆ.

ಅಲೆಯಂಚಿನ ಮೂಲ ಪೈಸೆಯ ಕಾಲಕ್ಕಿಂತ ಹಿಂದಿನದು. ಏಳನೆಯ ಎಡ್ವರ್ಡ್‌ನ ಕಾಲದಲ್ಲಿ, 1906ರ ನಾಣ್ಯ ಕಾಯಿದೆಯ ಬೆನ್ನಿಗೆ ಬಂದ ಒಂದಾಣೆ ಕ್ಯುಪ್ರೊ-ನಿಕ್ಕಲ್‌ನದು (ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಮಿಶ್ರಲೋಹ), ಅಂಚಿನಲ್ಲಿ 12 ಅಲೆ. ಸುತ್ತಲಿನ ಬೆಳ್ಳಿ ನಾಣ್ಯಗಳೆಲ್ಲ ದುಂಡಗಿದ್ದವು. ಬಣ್ಣದಲ್ಲಿ ಬೆಳ್ಳಿಯನ್ನೇ ಹೋಲುವ ಅಗ್ಗದ ಲೋಹವೊಂದು ಅವುಗಳ ನಡುವೆ ಸೇರುವುದಾದರೆ ಆಕಾರದಲ್ಲಾದರೂ ಬೇರೆಯಾಗಿರಲೇಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1918ರಲ್ಲಿ, ಎರಡಾಣೆಯೂ ಬೆಳ್ಳಿ ಬಿಟ್ಟು ಕ್ಯುಪ್ರೊ-ನಿಕ್ಕಲ್‌ಗೆ ಇಳಿಯಿತು. ಅದಕ್ಕೆ ಮೂಲೆ ದುಂಡಾಗಿಸಿದ ಚೌಕಾಕಾರ ಕೊಟ್ಟರು. ಮರುವರ್ಷ ಎಂಟು ಮೂಲೆಯ ನಾಲ್ಕಾಣೆ ಬಂತು. ಹೀಗೆ ಬೆಲೆಗೊಂದು ಆಕಾರ ಎನ್ನುವ ರೂಢಿ ಬೆಳೆಯಿತು. 1950ರ ಗಣರಾಜ್ಯದ ನಾಣ್ಯಗಳಲ್ಲಿ ದೊರೆಯ ಮುಖ ಹೋಗಿ ಅಶೋಕ ಸ್ತಂಭದ ಸಿಂಹಗಳು ಬಂದವು, ಆಕಾರಗಳನ್ನು ಮಾತ್ರ ಮುಟ್ಟಲಿಲ್ಲ. ಅರ್ಧಾಣೆ ಚೌಕ, ಒಂದಾಣೆ ಅಲೆಯಂಚು, ಎರಡಾಣೆ ಮತ್ತೆ ಚೌಕ.

1955ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಹಳೇ ಪೈಸೆ, 192 ಪೈ. ಅಂದಿನಿಂದ 100 ನಯಾ ಪೈಸೆ. ನಾಲ್ಕಾಣೆ ಸರಿಯಾಗಿ 25, ಎಂಟಾಣೆ ಸರಿಯಾಗಿ 50. ಹಾಗಾಗಿಯೇ ಆಣೆ ಹೋದ ಎಷ್ಟೋ ದಶಕಗಳ ಮೇಲೂ ಈ ಎರಡು ಹೆಸರು ನಾಲಿಗೆ ಬಿಟ್ಟು ಹೋಗಲಿಲ್ಲ. ತೊಂದರೆ ಇದ್ದದ್ದು ಅವುಗಳ ಕೆಳಗೆ. ಒಂದಾಣೆ ಎಂದರೆ 6.25 ನಯಾ ಪೈಸೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಭಿನ್ನವಿದ್ದರೆ ಬಿಡು, ಹೆಚ್ಚಿದ್ದರೆ ಮೇಲಕ್ಕೇರಿಸು ಎನ್ನುವುದು ಸರ್ಕಾರದ ಸೂತ್ರ. ಅದರ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಹದಿನಾರು ಸಲ ಬಿಡಿಬಿಡಿಯಾಗಿ ಒಂದೊಂದಾಣೆ ಲೆಕ್ಕ ತೀರಿಸಿದರೆ ಕೈಗೆ ಬರುವುದು 96 ನಯಾ ಪೈಸೆ. ಒಟ್ಟಿಗೆ ಕೊಟ್ಟರೆ 100. ಹಳೇ ಪೈಸೆಯದ್ದು ಇದಕ್ಕೆ ತದ್ವಿರುದ್ಧ. ಒಂದು ಹಳೇ ಪೈಸೆ 1.5625 ಆದದ್ದರಿಂದ ಏರಿಸಿ 2 ಎಂದು ಹಿಡಿಯಬೇಕು, ಅಂದರೆ ಒಂದೊಂದಾಗಿ ಕೊಟ್ಟವನಿಗೇ ಲಾಭ. ವ್ಯಾಪಾರಿಗಳ ಜೊತೆ ಜಗಳ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಕೋಷ್ಟಕ ಸಿಕ್ಕುವುದು ಕಷ್ಟ.

ಹತ್ತು ನಯಾ ಪೈಸೆಗೆ ಆಣೆಯಲ್ಲಿ ಸರಿಸಾಟಿಯೇ ಇರಲಿಲ್ಲ. ಅದು 1.6 ಆಣೆ, ಎರಡಾಣೆಗೆ ಎರಡೂವರೆ ಪೈಸೆ ಕಡಿಮೆ. ಜನರಿಗೆ ಹೊಸದಾಗಿ ಕಲಿಸಬೇಕಾದ ಬೆಲೆ ಅದು. ಅದಕ್ಕೇ ನಾಣ್ಯದ ಮೇಲೆಯೇ ಪಾಠ ಬರೆದಿದ್ದರು. 10 ಎಂಬ ಅಂಕಿಯ ಜೊತೆಗೆ ದೇವನಾಗರಿಯಲ್ಲಿ ‘ರೂಪಾಯಿಯ ಹತ್ತನೆಯ ಭಾಗ’ ಎಂಬರ್ಥದ ಸಾಲು. ಒಂದು ಪೈಸೆಯ ಮೇಲೆ ‘ನೂರನೆಯ ಭಾಗ’. 1964ರ ಜೂನ್ 1ರಿಂದ ‘ನಯಾ’ ಬಿಟ್ಟುಹೋಗಿ ಬರೀ ಪೈಸೆಯಾಯಿತು.

ಈ ಮೊದಲ ಸರಣಿಯನ್ನು ಒಟ್ಟಿಗೆ ಸಾಲಾಗಿಟ್ಟು ನೋಡಬೇಕು. 1 ನಯಾ ಪೈಸೆ: ಕಂಚು, ದುಂಡು, 16 ಮಿಲಿಮೀಟರ್, ಒಂದೂವರೆ ಗ್ರಾಂ. 2: ಕ್ಯುಪ್ರೊ-ನಿಕ್ಕಲ್, ಎಂಟು ಅಲೆ, 18 ಮಿಮೀ, ಸುಮಾರು 3 ಗ್ರಾಂ. 5: ಚೌಕ, ಮೂಲೆಯಿಂದ ಮೂಲೆಗೆ 22 ಮಿಮೀ, 4 ಗ್ರಾಂ. 10: ಎಂಟು ಅಲೆ, 23 ಮಿಮೀ, 5 ಗ್ರಾಂ. 25 ಮತ್ತು 50: ಶುದ್ಧ ನಿಕ್ಕಲ್, ದುಂಡು. ಅಂದರೆ ದುಂಡು, ಅಲೆ, ಚೌಕ, ಅಲೆ, ದುಂಡು. ಮೊದಲ ಐದರಲ್ಲಿ ಅಕ್ಕಪಕ್ಕದ ಯಾವ ಎರಡು ಬೆಲೆಗೂ ಒಂದೇ ಆಕಾರವಿಲ್ಲ. ಒಂದೇ ಆಕಾರದ 2 ಮತ್ತು 10ರ ನಡುವೆ 5 ಮಿಮೀ ಅಂತರವಿದೆ. ಯಾರೋ ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಯೋಚಿಸಿ ಮಾಡಿದ ಸರಣಿ ಎನ್ನಿಸುತ್ತದೆ.

ಆದರೂ ಒಂದು ಎಡವಟ್ಟಿತ್ತು. ಹಳೆಯ ಆಣೆಗಳು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಕೆಲವು ವರ್ಷ ಹೊಸದರ ಜೊತೆಗೇ ಓಡಾಡಿದವು. ಹಳೆಯ ಒಂದಾಣೆ 21 ಮಿಮೀ, ಅಲೆಯಂಚು, ಕ್ಯುಪ್ರೊ-ನಿಕ್ಕಲ್. ಅದು ಹೋಗಿ ಕೂತದ್ದು 18 ಮಿಮೀಯ 2 ನಯಾ ಪೈಸೆಗೂ 23 ಮಿಮೀಯ 10ಕ್ಕೂ ಸರಿಯಾಗಿ ನಡುವೆ. ಆಣೆಗೆ ಹನ್ನೆರಡು ಅಲೆ, ಹೊಸವಕ್ಕೆ ಎಂಟು. ಆದರೆ ಅಲೆ ಎಣಿಸುತ್ತಾ ಚಿಲ್ಲರೆ ಕೊಡಲಾಗುತ್ತದೆಯೇ? ಚೌಕದಲ್ಲೂ ಇದೇ ಕಥೆ: ಅರ್ಧಾಣೆ, ಎರಡಾಣೆ, ಐದು ನಯಾ ಪೈಸೆ ಮೂರೂ ಚೌಕ. ತನ್ನಷ್ಟಕ್ಕೆ ಅಚ್ಚುಕಟ್ಟಾಗಿದ್ದ ಸರಣಿ ಹಳೆಯದರ ಜೊತೆ ಬೆರೆತಾಗ ಕಲಸುಮೇಲೋಗರವಾಯಿತು.

ಅಲೆಯಂಚು ಕೈಗೆ ಸುಲಭವಾದರೂ ಟಂಕಸಾಲೆಗೆ ತಲೆನೋವು. ದುಂಡು ನಾಣ್ಯದ ದಾರಿ ಹೀಗೆ: ಲೋಹ ಕರಗಿಸಿ, ಪಟ್ಟಿ ಎರಕ ಹೊಯ್ದು, ಬೇಕಾದ ದಪ್ಪಕ್ಕೆ ಉರುಳೆಗಳ ನಡುವೆ ತೆಳುವಾಗಿಸಬೇಕು. ಪಟ್ಟಿಯಿಂದ ಬಿಲ್ಲೆ ಕತ್ತರಿಸಬೇಕು. ಬಿಲ್ಲೆಯನ್ನು ಅಂಚು ಕಟ್ಟುವ ಯಂತ್ರದಲ್ಲಿ ಉರುಳಿಸಿ ಸುತ್ತಲೂ ಸಣ್ಣ ಏರು ಎಬ್ಬಿಸಬೇಕು. ಆಮೇಲೆ ಕುಲುಮೆಯಲ್ಲಿ ಕಾಯಿಸಿ ಮೆದುವಾಗಿಸಿ, ಆಮ್ಲದಲ್ಲಿ ತೊಳೆದು ಒಣಗಿಸಬೇಕು. ಕೊನೆಗೆ ಎರಡು ಅಚ್ಚುಗಳ ನಡುವೆ, ಸುತ್ತ ಕಾಲರ್ ಎಂಬ ಉಕ್ಕಿನ ಬಳೆಯ ಒಳಗೆ ಇಟ್ಟು ಒತ್ತಬೇಕು. ಒತ್ತಡಕ್ಕೆ ಲೋಹ ಹೊರಗೆ ಹರಿಯದಂತೆ ತಡೆದು ಅಂಚಿನ ಆಕಾರ ಕೊಡುವುದು ಈ ಬಳೆ.

ಅಲೆಯಂಚಿನ ಬಿಲ್ಲೆ ಈ ದಾರಿಯಲ್ಲಿ ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಅಂಚು ಕಟ್ಟುವ ಮಾಮೂಲಿ ಯಂತ್ರದಲ್ಲಿ ಬಿಲ್ಲೆ ಚಕ್ರದಂತೆ ಉರುಳಬೇಕು. ಅಲೆಯಂಚಿನದು ಸರಾಗವಾಗಿ ಉರುಳುವುದಿಲ್ಲ. ಹಾಗಾಗಿ ಅಂಚಿನ ಏರನ್ನೂ ಅಚ್ಚಿನ ಒತ್ತಡದಲ್ಲೇ ಎಬ್ಬಿಸಬೇಕು, ಅಂದರೆ ಹೆಚ್ಚು ಬಲ. ಒತ್ತಡ ಸಾಲದಿದ್ದರೆ ಅಲೆಯ ತುದಿಗಳಲ್ಲಿ ಲೋಹ ತುಂಬುವುದಿಲ್ಲ. ನಾಣ್ಯದ ನಡುವೆ ಸಿಂಹ ಸ್ಪಷ್ಟವಾಗಿದ್ದರೂ ಅಂಚಿನ ಕೆಲವು ಅಲೆಗಳು ಚಪ್ಪಟೆಯಾಗಿ ಉಳಿಯುತ್ತವೆ. ಎರಡನೆಯದು ಕೂರಿಸುವ ಕೆಲಸ. ದುಂಡು ಬಿಲ್ಲೆ ಬಳೆಯೊಳಗೆ ಹೇಗೆ ಬಿದ್ದರೂ ಸರಿ. ಇದು ಅಲೆಗೆ ಅಲೆ ಹೊಂದಿಕೊಂಡೇ ಇಳಿಯಬೇಕು. ವಾರೆಯಾಗಿ ಕೂತದ್ದನ್ನು ಒತ್ತಿದರೆ ಬಿಲ್ಲೆ ಹಾಳಾಗುವುದರ ಜೊತೆಗೆ ಬಳೆಯೂ ಸೀಳಬಹುದು. ಬಳೆಯೊಳಗೆ ಮೇಲೆ ಕೆಳಗೆ ಆಡಿ ನಾಣ್ಯವನ್ನು ಹೊರತಳ್ಳುವ ಕೆಳಗಿನ ಅಚ್ಚಿನ ಕುತ್ತಿಗೆಗೂ ಅದೇ ಅಲೆಯಾಕಾರ ಬೇಕು. ಅದರಿಂದ ಒಂದು ಮಜವಾದ ಪರಿಣಾಮವಿದೆ: ಆ ಅಚ್ಚನ್ನು ತಪ್ಪಾಗಿ ತಿರುಗಿಸಿ ಜೋಡಿಸಿದರೂ ಅದು ಒಂದೊಂದು ಅಲೆಯ ಲೆಕ್ಕದಲ್ಲೇ ತಿರುಗುತ್ತದೆ. ಎಂಟು ಅಲೆಯದ್ದಾದರೆ 45 ಡಿಗ್ರಿಯ ಹೆಜ್ಜೆ, ಹನ್ನೆರಡು ಅಲೆಯದ್ದಾದರೆ 30.

ಇನ್ನು ಪಟ್ಟಿಯಲ್ಲಿ ವ್ಯರ್ಥವಾಗುವ ಲೋಹ. ದುಂಡು ಬಿಲ್ಲೆಗಳನ್ನು ಎಷ್ಟೇ ಒತ್ತಾಗಿ ಕತ್ತರಿಸಿದರೂ ನಡುವೆ ಶೇ. 9ಕ್ಕಿಂತ ಹೆಚ್ಚು ಜಾಗ ಉಳಿದೇ ಉಳಿಯುತ್ತದೆ. ಚೌಕ ಮತ್ತು ಷಟ್ಕೋನಗಳು ಲೆಕ್ಕದ ಮಟ್ಟಿಗೆ ಪೂರ್ತಿ ಹೊಂದಿಕೊಳ್ಳುತ್ತವೆ. ಪಟ್ಟಿ ಹರಿಯದಿರಲಿ ಎಂದು ನಡುವೆ ಬಿಡುವ ಸಣ್ಣ ಸೇತುವೆಯಷ್ಟೇ ನಷ್ಟ. ಮೂರು ಪೈಸೆ, ಇಪ್ಪತ್ತು ಪೈಸೆಗಳ ಷಟ್ಕೋನವನ್ನು ಈ ಕಣ್ಣಿನಿಂದಲೂ ನೋಡಬಹುದು. ಉಳಿದ ಚೂರನ್ನು ಮತ್ತೆ ಕರಗಿಸಬಹುದು ನಿಜ, ಆದರೆ ಕರಗಿಸುವುದೂ ಪಟ್ಟಿ ಎಳೆಯುವುದೂ ಪುಕ್ಕಟೆಯಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. 5 ಗ್ರಾಂ ತೂಕದ ಹತ್ತು ಪೈಸೆ ಒಂದು ಕಿಲೋಗೆ 200 ತೂಗುತ್ತದೆ. ಮುಖಬೆಲೆ 20 ರೂಪಾಯಿ. ನಾಲ್ಕರಲ್ಲಿ ಮೂರು ಪಾಲು ತಾಮ್ರ, ಒಂದು ಪಾಲು ನಿಕ್ಕಲ್ ಇರುವ ಆ ಲೋಹದ ಬೆಲೆ ಕಿಲೋಗೆ 20 ರೂಪಾಯಿ ದಾಟಿದ ದಿನ ನಾಣ್ಯಕ್ಕೆ ಅಂಗಡಿಗಿಂತ ಕುಲುಮೆಯಲ್ಲಿ ಹೆಚ್ಚು ಬೆಲೆ. ಟಂಕಸಾಲೆಗೆ ಕಷ್ಟ ಅದಕ್ಕಿಂತ ಮೊದಲೇ ಶುರು, ಏಕೆಂದರೆ ಕರಗಿಸಿ ಒತ್ತುವ ಕೂಲಿಯೂ ಆ 20 ರೂಪಾಯಿಯೊಳಗೇ ಬರಬೇಕು. ನಿಕ್ಕಲ್ ಹೊರದೇಶದಿಂದ ಬರಬೇಕಿತ್ತು, ತಾಮ್ರದ ಬಹುಪಾಲೂ ಹಾಗೆಯೇ. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಗಿ ಡಾಲರ್ 4.76ರಿಂದ 7.50 ರೂಪಾಯಿಗೆ ಏರಿತು. ಹೊರಗಿನ ಲೋಹವೆಲ್ಲ ಒಂದೇ ದಿನಕ್ಕೆ ಒಂದೂವರೆ ಪಟ್ಟು ದುಬಾರಿಯಾದಂತೆ.

1968ರಲ್ಲಿ ಹತ್ತು ಪೈಸೆ ನಿಕ್ಕಲ್ ಹಿತ್ತಾಳೆಗೆ ಬದಲಾಯಿತು. ಅಲೆಯಂಚು ಅದೇ, ಗಾತ್ರವೂ ಹೆಚ್ಚುಕಡಿಮೆ ಅದೇ, ಬಣ್ಣ ಮಾತ್ರ ಹಳದಿ, ತೂಕ 4.25 ಗ್ರಾಂ. ಕಿಲೋಗೆ 235 ನಾಣ್ಯ, 23 ರೂಪಾಯಿ 50 ಪೈಸೆ. ಮೂರೂವರೆ ರೂಪಾಯಿಯ ಉಸಿರಾಟಕ್ಕಾಗಿ ಮಾಡಿದ ಬದಲಾವಣೆ. ಹಿತ್ತಾಳೆಯಲ್ಲೂ ತಾಮ್ರವೇ ಹೆಚ್ಚು ತಾನೇ? 1971ಕ್ಕೆ ಅದೂ ನಿಂತಿತು. ನಾಲ್ಕೇ ವರ್ಷ ಬಾಳಿದ ಈ ಎರಡನೆಯ ಜನ್ಮವೇ ನಾಲ್ಕರಲ್ಲಿ ಅತ್ಯಂತ ಅಲ್ಪಾಯುಷಿ. ನೋಡಲು ಅತ್ಯಂತ ಚೆಂದದ್ದೂ ಅದೇ ಎಂದು ನನ್ನ ಅಭಿಪ್ರಾಯ.

ಮೂರನೆಯ ಲೋಹ ಅಲ್ಯುಮಿನಿಯಂ, ಸ್ವಲ್ಪ ಮೆಗ್ನೀಸಿಯಂ ಬೆರೆಸಿ ಗಟ್ಟಿ ಮಾಡಿದ್ದು. ಇದಕ್ಕೆ ಬೇಕಾದ ಬಾಕ್ಸೈಟ್ ದೇಶದಲ್ಲೇ ಇದೆ. ಕಿರಿಯ ಬೆಲೆಗಳು ಆಗಲೇ ಈ ದಾರಿ ಹಿಡಿದಿದ್ದವು: ಮೂರು ಪೈಸೆ 1964ರಲ್ಲಿ, ಒಂದು ಮತ್ತು ಎರಡು ಪೈಸೆ 1965ರಲ್ಲಿ, ಐದು ಪೈಸೆ 1967ರಲ್ಲಿ. ಹತ್ತು ಪೈಸೆ 1971ರಲ್ಲಿ ಸೇರಿತು. ತೂಕ 2.27 ಗ್ರಾಂ, ಅಡ್ಡಳತೆ ಸುಮಾರು 26 ಮಿಮೀ, ಹಳೆಯ ಒಂದಾಣೆಯಂತೆ ಮತ್ತೆ 12 ಅಲೆ. ಲೋಹ ಅಗ್ಗವಾದಾಗ ನಾಣ್ಯ ದೊಡ್ಡದಾದದ್ದು ಏಕೆ? ಅಲ್ಯುಮಿನಿಯಂ ಕ್ಯುಪ್ರೊ-ನಿಕ್ಕಲ್‌ನ ಮೂರನೆಯ ಒಂದು ಭಾಗದಷ್ಟೂ ತೂಗುವುದಿಲ್ಲ. ಹಳೆಯ ಅಳತೆಯಲ್ಲೇ ಮಾಡಿದ್ದರೆ ಹತ್ತು ಪೈಸೆ ಒಂದೂವರೆ ಗ್ರಾಂ ತೂಗುತ್ತಿತ್ತು, ಅಂದರೆ ಅಲ್ಯುಮಿನಿಯಂ ಐದು ಪೈಸೆಯಷ್ಟೇ. ಹಿರಿಯ ಬೆಲೆ ಕಿರಿಯದಕ್ಕಿಂತ ಕೈಗೆ ಭಾರವಾಗಿರಬೇಕಾದರೆ ಅಗಲ ಮಾಡದೆ ವಿಧಿಯಿರಲಿಲ್ಲ. ಕಿಲೋಗೆ 440 ನಾಣ್ಯ, 44 ರೂಪಾಯಿ. ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮೇಲಿನ ಅಂತರ ಸಿಕ್ಕಿತು.

ಇದೇ ಲೆಕ್ಕವನ್ನು ತಮ್ಮಂದಿರಿಗೂ ಹಾಕಿ ನೋಡಿ. ಒಂದು ಪೈಸೆ 0.75 ಗ್ರಾಂ: ಒಂದು ಕಿಲೋ ಅಲ್ಯುಮಿನಿಯಂನ ಮುಖಬೆಲೆ ಬರೀ 13 ರೂಪಾಯಿ 33 ಪೈಸೆ. ಎರಡು ಪೈಸೆ 1 ಗ್ರಾಂ: 20 ರೂಪಾಯಿ. ಮೂರು ಪೈಸೆ 1.25 ಗ್ರಾಂ: 24. ಐದು ಪೈಸೆ 1.5 ಗ್ರಾಂ: 33ರ ಆಸುಪಾಸು. ಲೋಹದ ಬೆಲೆ ಏರಿದಂತೆ ಯಾವುದು ಮೊದಲು ಮುಳುಗಬೇಕು ಎನ್ನುವುದು ಈ ಸಾಲಿನಲ್ಲೇ ಇದೆ. ಮೂರು ಪೈಸೆಯನ್ನು ಚಲಾವಣೆಗೆ ಟಂಕಿಸುವುದು 1971ರ ಹೊತ್ತಿಗೇ ನಿಂತಿತ್ತು, ಅದಕ್ಕೆ ಬೇಡಿಕೆಯೂ ಕಡಿಮೆ. ಒಂದು ಮತ್ತು ಎರಡು ಪೈಸೆ 1980ರ ದಶಕದ ಆರಂಭಕ್ಕೆ ಮುಗಿದವು.

ಅಲ್ಯುಮಿನಿಯಂ ಹತ್ತು ಪೈಸೆಯ ಅಗಲವಾದ ಮೈ ಇನ್ನೊಂದು ಕೆಲಸಕ್ಕೂ ಬಂತು. 1974ರಿಂದ 1982ರವರೆಗೆ ವರ್ಷವರ್ಷವೂ ಅದರ ಮೇಲೆ ಘೋಷಣೆಗಳು: 1974ರಲ್ಲಿ ಯೋಜಿತ ಕುಟುಂಬ, ಎಲ್ಲರಿಗೂ ಆಹಾರ, 1976ರಲ್ಲಿ ಎಲ್ಲರಿಗೂ ಅನ್ನ, ಕೆಲಸ, 1977ರಲ್ಲಿ ಅಭಿವೃದ್ಧಿಗಾಗಿ ಉಳಿತಾಯ, 1979ರಲ್ಲಿ ಮಕ್ಕಳ ವರ್ಷ, 1980ರಲ್ಲಿ ಗ್ರಾಮೀಣ ಮಹಿಳೆಯರ ಏಳಿಗೆ, 1982ರಲ್ಲಿ ಏಷ್ಯನ್ ಕ್ರೀಡಾಕೂಟ. ಮೆದು ಲೋಹದ ಮೇಲೆ ತೆಳ್ಳಗಿನ ಗೆರೆಗಳ ಚಿತ್ರ ಬಿಡಿಸಿದ್ದರಿಂದ ಹೆಚ್ಚು ಓಡಾಡಿದ ನಾಣ್ಯಗಳಲ್ಲಿ ಮುಖಗಳು ಬೇಗ ಅಳಿಸಿವೆ. ಉಳಿತಾಯ ಮಾಡಿ ಎಂದು ಹತ್ತು ಪೈಸೆಯ ಮೇಲೆ ಬರೆದದ್ದರಲ್ಲಿ ಸ್ವಲ್ಪ ತಮಾಷೆಯೂ ಇದೆ.

ಅಲ್ಯುಮಿನಿಯಂನ ದೋಷಗಳು ಬಳಕೆಯಲ್ಲಿ ಗೊತ್ತಾದವು. ಬಾಗುತ್ತದೆ, ಸವೆಯುತ್ತದೆ, ಅಲೆಯ ತುದಿಗಳು ಜಜ್ಜಿಹೋಗುತ್ತವೆ. ಹಗುರವಾದ್ದರಿಂದ ಕೈಗೆ ದುಡ್ಡು ಎನ್ನಿಸುವುದಿಲ್ಲ. 1988ರಿಂದ ಸ್ಟೇನ್‌ಲೆಸ್ ಸ್ಟೀಲ್ ಬಂತು, ಸುಮಾರು 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ನೋಯ್ಡಾದ ಟಂಕಸಾಲೆ ಕೆಲಸ ಆರಂಭಿಸಿದ್ದೂ ಅದೇ ವರ್ಷ. ಸ್ಟೀಲು ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ, ಅಗ್ಗ. ಆದರೆ ಗಡುಸು. ಉಬ್ಬು ಎತ್ತರವಿದ್ದರೆ ಅಚ್ಚು ಬೇಗ ಬಿರುಕು ಬಿಡುತ್ತದೆ, ಹಾಗಾಗಿ ಚಿತ್ರಗಳೆಲ್ಲ ತಗ್ಗಿದವು. ಇಂಥ ಲೋಹದಲ್ಲಿ ಅಲೆಯ ತುದಿ ತುಂಬಿಸುವುದು ಎಷ್ಟು ಕಷ್ಟ ಎಂದು ಮೇಲಿನ ವಿವರ ಓದಿದವರಿಗೆ ಹೊಳೆದಿರಬಹುದು. ಹತ್ತು ಪೈಸೆ ದುಂಡಗಾಯಿತು: 16 ಮಿಮೀ, 2 ಗ್ರಾಂ. 1957ರ ಒಂದು ನಯಾ ಪೈಸೆಯ ಅಡ್ಡಳತೆಯೂ 16 ಮಿಮೀ.

ಹೊಸ ಸ್ಟೀಲ್ ಸರಣಿಗೂ ಒಂದು ಲೆಕ್ಕವಿತ್ತು. 10 ಪೈಸೆ 16, 25 ಪೈಸೆ 19, 50 ಪೈಸೆ 22, ಆಮೇಲೆ 1992ರಲ್ಲಿ ಬಂದ ಒಂದು ರೂಪಾಯಿ 25; ಮೂರು ಮೂರು ಮಿಮೀ ಮೆಟ್ಟಿಲು. ಕಾಗದದ ಮೇಲೆ ಸೊಗಸು. ಕೈಯಲ್ಲಿ ಅಷ್ಟಕ್ಕಷ್ಟೆ. ಗಾತ್ರ ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೊಂದು ನಾಣ್ಯ ಬೇಕು. ಅಲೆಯಂಚೋ ಚೌಕವೋ ಆದರೆ ಒಂಟಿಯಾಗಿದ್ದರೂ ತಾನು ಯಾರೆಂದು ಹೇಳುತ್ತದೆ. ಮಬ್ಬುಗತ್ತಲಲ್ಲಿ, ಅದರಲ್ಲೂ ಕಣ್ಣು ಕಾಣದವರಿಗೆ, ಇದು ದೊಡ್ಡ ನಷ್ಟ. ಸಾಲದ್ದಕ್ಕೆ 1993ರವರೆಗೆ ಅಲೆಯಂಚಿನ ಅಲ್ಯುಮಿನಿಯಂ ಹತ್ತು ಪೈಸೆಯೂ ಜೊತೆಯಲ್ಲೇ ಹೊರಬರುತ್ತಿತ್ತು. ಒಂದೇ ಬೆಲೆಗೆ ಎರಡು ಲೋಹ, ಎರಡು ಗಾತ್ರ, ಎರಡು ಆಕಾರ.

ಸ್ಟೀಲ್ ಹತ್ತು ಪೈಸೆ ಕಿಲೋಗೆ 500, ಮುಖಬೆಲೆ 50 ರೂಪಾಯಿ. ಲೋಹದ ಮಟ್ಟಿಗೆ ನಾಣ್ಯ ಉಳಿಯಿತು, ಆದರೆ ಅಷ್ಟರಲ್ಲಿ ಹತ್ತು ಪೈಸೆಗೆ ಸಿಗುವ ಸಾಮಾನೇ ಇರಲಿಲ್ಲ. 1998ರ ನಂತರ ಟಂಕಿಸಲಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳೆಲ್ಲ 2011ರ ಜೂನ್ 30ರಿಂದ ಅಮಾನ್ಯವಾದವು. ಬದಲಾಯಿಸಿಕೊಳ್ಳಲು ಅದರ ಹಿಂದಿನ ದಿನದ ಬ್ಯಾಂಕ್ ವೇಳೆಯವರೆಗೆ ಅವಕಾಶವಿತ್ತು. ಎಂಟಾಣೆಯನ್ನು ಮಾತ್ರ ಉಳಿಸಿದರು. 2011ರ ನಾಣ್ಯ ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಮೊತ್ತದವರೆಗೆ ಅದು ಈಗಲೂ ಮಾನ್ಯ.

ಹಳೆಯ ಡಬ್ಬಿಯಲ್ಲಿ ಹತ್ತು ಪೈಸೆಗಳು ಸಿಕ್ಕವರಿಗೆ ಕೊಂಚ ಉಪಯುಕ್ತ ಮಾತು. ಮೊದಲು ಅಯಸ್ಕಾಂತ ಹಿಡಿಯಿರಿ. ಸ್ಟೀಲಿನದು ಮಾತ್ರ ಅಂಟಬೇಕು. ಉಳಿದ ಮೂರೂ ಅಂಟಬಾರದು. (1957ರ ಸರಣಿಯ 25 ಮತ್ತು 50 ನಯಾ ಪೈಸೆ ಶುದ್ಧ ನಿಕ್ಕಲ್ ಆದದ್ದರಿಂದ ಅಂಟುತ್ತವೆ, ಗಾಬರಿ ಬೇಡ.) ‘ಅಪರೂಪದ ಲೋಹ’ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ನೀರಿನಲ್ಲಿ ತೂಗುವ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳ ಮತ್ತು ಬದಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ, ಇಲ್ಲದಿದ್ದರೆ ಅಂಕಿ ಹೆಚ್ಚು ಬರುತ್ತದೆ. ಆಗ ತಕ್ಕಡಿ ತೋರಿಸುವುದು ಕ್ಯುಪ್ರೊ-ನಿಕ್ಕಲ್‌ಗೆ 0.56ರ ಸುಮಾರು, ನಿಕ್ಕಲ್ ಹಿತ್ತಾಳೆಗೆ 0.50, 1971ರ ಮಾದರಿಯ ಅಲ್ಯುಮಿನಿಯಂಗೆ 0.84, ಸ್ಟೀಲಿಗೆ 0.26. ಲೇಪ ಬಳಿದು ಬಣ್ಣ ಬದಲಿಸಿದ ನಾಣ್ಯ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಲೇಪ ಒಳಗಿನ ಲೋಹದ ಸಾಂದ್ರತೆಯನ್ನು ಬದಲಿಸಲಾರದು.

ಯಾವ ಟಂಕಸಾಲೆಯದೆಂದು ತಿಳಿಯಲು ಇಸವಿಯ ಕೆಳಗೆ ನೋಡಿ: ವಜ್ರದ ಗುರುತು ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಸವೆತ ಅಳೆಯಲು ನಡುವಿನ ಸಿಂಹದ ಎದೆಯ ಕೂದಲನ್ನು ಗಮನಿಸಿ. ಅತಿ ಎತ್ತರದ ಭಾಗ ಅದು, ಮೊದಲು ಅಳಿಯುವುದೂ ಅದೇ.

ತೊಳೆಯುವ ವಿಚಾರದಲ್ಲಿ ಕೈ ಕಟ್ಟಿಕೊಳ್ಳುವುದು ವಾಸಿ. ಪೂಜೆಯ ತಂಬಿಗೆಗೆ ಹಚ್ಚುವ ಹುಣಸೆಹುಳಿಯನ್ನು ನಿಕ್ಕಲ್ ಹಿತ್ತಾಳೆಯ ಹತ್ತು ಪೈಸೆಗೆ ಹಚ್ಚಿ ಬಿಟ್ಟರೆ ಹುಳಿ ಸತುವನ್ನು ಎಳೆದುಕೊಂಡು ಮೈ ಕೆಂಪಗಾಗುತ್ತದೆ. ಆ ಬಣ್ಣ ಮತ್ತೆ ಸರಿಯಾಗುವುದಿಲ್ಲ. ಅಲ್ಯುಮಿನಿಯಂ ಹುಳಿಗಿಂತ ಹೆಚ್ಚಾಗಿ ಕ್ಷಾರಕ್ಕೆ ಹೆದರಬೇಕು, ವಾಷಿಂಗ್ ಸೋಡಾದ ನೀರು ಅದರ ಮೈಯನ್ನೇ ತಿನ್ನುತ್ತದೆ. ಜಿಡ್ಡಿದ್ದರೆ ಅಸಿಟೋನ್‌ನಲ್ಲಿ ಅದ್ದಿ, ಉಜ್ಜದೆ ಒಣಗಲು ಬಿಡಿ. ಬೆಂಕಿಯ ಹತ್ತಿರ ಬೇಡ. ಅಲೆಗಳ ನಡುವಿನ ಕೊಳೆಗೆ ಪಿನ್ನು ಹಾಕಬೇಡಿ, ನೆನೆಸಿದ ಬಿದಿರಿನ ಕಡ್ಡಿ ಸಾಕು. ಇಡುವಾಗ ಲೋಹಕ್ಕೆ ಲೋಹ ತಾಗದಂತೆ ಬೇರೆಬೇರೆ ಇಡಿ, ಮುಖ್ಯವಾಗಿ ಅಲ್ಯುಮಿನಿಯಂನ್ನು ತಾಮ್ರವಿರುವ ನಾಣ್ಯಗಳಿಂದ ದೂರ; ತೇವವಿದ್ದಾಗ ಎರಡೂ ತಾಗಿದ ಕಡೆ ಅಲ್ಯುಮಿನಿಯಂ ಗುಳಿ ಬೀಳುತ್ತದೆ. ಮೆತ್ತನೆಯ ಪಿವಿಸಿ ಲಕೋಟೆ ಕೆಲವು ವರ್ಷಗಳಲ್ಲಿ ಕ್ಯುಪ್ರೊ-ನಿಕ್ಕಲ್ ಮೇಲೆ ಹಸಿರು ಜಿಗುಟು ಬಿಡುತ್ತದೆ. ಗಟ್ಟಿ ಪಾಲಿಯೆಸ್ಟರ್ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಟ್ಟು ತೆಗೆದುಕೊಳ್ಳಿ. 26 ಮಿಮೀಯ ಅಲ್ಯುಮಿನಿಯಂಗೆ ಕಿಟಕಿ ಅದಕ್ಕಿಂತ ದೊಡ್ಡದಿರಲಿ, ಇಲ್ಲದಿದ್ದರೆ ಪಿನ್ನು ಹೊಡೆಯುವಾಗ ಮೊದಲು ಬಾಗುವುದು ಅಲೆಯ ತುದಿ.